ಲಕ್ಷ್ಮಮ್ಮನ ಹೆಸರು ಪಿಡಿಎಫ್‌ನಲ್ಲಿ ಏಕೆ ಒಡೆಯುತ್ತದೆ?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದು ಸಣ್ಣ ವೆಬ್ ಪುಟ ಮಾಡಿಕೊಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಕಾರ್ಯದರ್ಶಿಯವರು ಅದರಲ್ಲಿ ಸುಮಾರು 180 ಸದಸ್ಯರ ಬಟವಾಡೆ ಪಟ್ಟಿ ತೆಗೆಯುತ್ತಾರೆ. ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ), ದರ, ಮೊತ್ತ, ಬ್ಯಾಂಕ್ ಖಾತೆ ಸಂಖ್ಯೆ ಅದರಲ್ಲಿರುತ್ತವೆ. ಪಟ್ಟಿಯನ್ನು ಪಿಡಿಎಫ್ ಮಾಡಲು ಜೆಎಸ್‌ಪಿಡಿಎಫ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಬಳಸಿದೆ. ಮೊದಲು ಕನ್ನಡದ ಜಾಗದಲ್ಲಿ ಏನೇನೋ ಚಿಹ್ನೆಗಳು ಬಂದವು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಸೇರಿಸಿದ ಮೇಲೆ ಅಕ್ಷರಗಳು ಬಂದವು, ಆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿವೆ. ಕೊನೆಗೆ ಎಚ್‌ಟಿಎಂಎಲ್‌ಟುಪಿಡಿಎಫ್ ಎಂಬ ಇನ್ನೊಂದು ಲೈಬ್ರರಿ ಹಾಕಿದೆ. ಕನ್ನಡ ಸರಿಯಾಯಿತು. ಆದರೆ ಫೈಲ್ ಬಹಳ ದೊಡ್ಡದಾಯಿತು, ಪುಟದ ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಹೆಸರು ಹುಡುಕಿದರೆ ಸಿಗುವುದಿಲ್ಲ. ಸಂಘಕ್ಕೆ ಸರ್ವರ್ ಇಟ್ಟುಕೊಳ್ಳುವ ಶಕ್ತಿ ಇಲ್ಲ, ಎಲ್ಲವೂ ಬ್ರೌಸರ್‌ನಲ್ಲಿಯೇ ಆಗಬೇಕು. ಪ್ರತಿ ಸದಸ್ಯರಿಗೂ ಅವರವರ ಚೀಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಆಸೆಯೂ ಇದೆ. ದಾರಿ ಯಾವುದು?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನೀವು ಮೂರು ಬಾಗಿಲು ತಟ್ಟಿದ್ದೀರಿ, ಮೂರರಲ್ಲೂ ಬೇರೆ ಬೇರೆ ತೊಂದರೆ ಕಂಡಿದ್ದೀರಿ. ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಆ ಸಾಧನಗಳನ್ನು ಕಟ್ಟಿದ ರೀತಿಯಲ್ಲಿಯೇ ಕನ್ನಡಕ್ಕೆ ಜಾಗ ಕಡಿಮೆ. ನಿಮಗೆ ಬೇಕಾದ ಸಾಧನ ಬ್ರೌಸರ್‌ನೊಳಗೇ ಇದೆ, ಅದನ್ನು ಬಿಟ್ಟು ಹೊರಗೆ ಹುಡುಕಿದ್ದೀರಿ. ಅಲ್ಲಿಗೆ ಹೋಗುವ ಮೊದಲು ಪಿಡಿಎಫ್‌ನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ. ಅದು ತಿಳಿಯದಿದ್ದರೆ ನಾಳೆ ಇನ್ನೊಂದು ಹೊಸ ಲೈಬ್ರರಿ ತಂದು ಇದೇ ಗುಂಡಿಗೆ ಬೀಳುತ್ತೀರಿ.

ನಿಮ್ಮ ಪಟ್ಟಿಯಲ್ಲಿ ಲಕ್ಷ್ಮಮ್ಮ ಎಂಬ ಹೆಸರು ಇದ್ದೇ ಇರುತ್ತದೆ. ಅದನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದರಲ್ಲಿ ಮೂರೇ ಅಕ್ಷರ: ಲ, ಕ್ಷ್ಮ, ಮ್ಮ. ಆದರೆ ಕಂಪ್ಯೂಟರಿನ ಕಡತದಲ್ಲಿ ಇರುವುದು ಒಂಬತ್ತು ಸಂಕೇತಗಳು: ಲ, ಕ, ಹಲಂತದ ಗುರುತು, ಷ, ಹಲಂತದ ಗುರುತು, ಮ, ಮತ್ತೊಂದು ಮ, ಹಲಂತದ ಗುರುತು, ಕೊನೆಗೆ ಇನ್ನೊಂದು ಮ. ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಒಂದು ಪಟ್ಟಿಯನ್ನು ಮೀಸಲಿಟ್ಟಿದೆ. ಅದರಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಕ, ಹಲಂತ, ಷ ಒಟ್ಟಿಗೆ ಬಂದರೆ ‘ಕ್ಷ’ ಎಂದು ಬರೆಯಬೇಕು, ಆಮೇಲೆ ಹಲಂತ ಮತ್ತು ಮ ಬಂದರೆ ಅದರ ಕೆಳಗೆ ಮಕಾರದ ಒತ್ತು ಕೊಡಬೇಕು ಎಂಬ ನಿಯಮಗಳು ಫಾಂಟ್‌ನೊಳಗೆ ಇರುತ್ತವೆ. ಆ ನಿಯಮಗಳನ್ನು ಓದಿ ಜಾರಿಗೆ ತರಲು ಬೇರೆಯದೇ ಒಂದು ತಂತ್ರಾಂಶ ಬೇಕು. ಹಿಂದೆ ಅಚ್ಚುಕೂಟಗಳಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ. ಮೊಳೆಗಳ ಪೆಟ್ಟಿಗೆಯೊಂದನ್ನು ತಂದಿಟ್ಟ ಮಾತ್ರಕ್ಕೆ ಪುಟ ಸಿದ್ಧವಾಗುತ್ತಿರಲಿಲ್ಲ. ಯಾವ ಒತ್ತನ್ನು ಯಾವ ಅಕ್ಷರದ ಕೆಳಗೆ ಕೂಡಿಸಬೇಕೆಂದು ಬಲ್ಲ ಕೈ ಬೇಕಿತ್ತು.

ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಆ ಕೈಯ ಹೆಸರು ಹಾರ್ಫ್‌ಬಜ್. ಸಫಾರಿಯಲ್ಲಿ ಆ್ಯಪಲ್‌ನ ಕೋರ್ ಟೆಕ್ಸ್ಟ್ ಅದೇ ಕೆಲಸ ಮಾಡುತ್ತದೆ. ಈ ಬ್ರೌಸರುಗಳಲ್ಲಿ ನೀವು ಓದುವ ಪ್ರತಿ ಕನ್ನಡ ಪದವೂ ಇವುಗಳ ಮೂಲಕವೇ ಹಾದು ಬರುತ್ತದೆ.

ಜೆಎಸ್‌ಪಿಡಿಎಫ್‌ನಲ್ಲಿ ಆ ಕೈ ಇಲ್ಲ. ನೀವು ಕೊಟ್ಟ ಫಾಂಟನ್ನು ಅದು ಮೊಳೆಗಳ ಪೆಟ್ಟಿಗೆಯಂತೆ ಮಾತ್ರ ಬಳಸುತ್ತದೆ. ಒಂಬತ್ತು ಸಂಕೇತಕ್ಕೆ ಒಂಬತ್ತು ಮೊಳೆ ಎತ್ತಿ ಒಂದರ ಪಕ್ಕ ಒಂದನ್ನು ಇಡುತ್ತದೆ. ಕ, ಷ, ಮ ಎಲ್ಲವೂ ಪೂರ್ತಿ ಗಾತ್ರದಲ್ಲಿ ಸಾಲಾಗಿ ನಿಲ್ಲುತ್ತವೆ, ನಡುನಡುವೆ ಹಲಂತದ ಗುರುತು ಅನಾಥವಾಗಿ ತೇಲುತ್ತದೆ. ಸ್ವರದ ಗುರುತು ಸೇರಿದರೆ ಇನ್ನೂ ಕಷ್ಟ. ‘ಲಕ್ಷ್ಮಿ’ ಎಂದು ಬರೆಯುವಾಗ ಗುಡಿಸನ್ನು ನಾವು ಟೈಪ್ ಮಾಡುವುದು ಎಲ್ಲಕ್ಕಿಂತ ಕೊನೆಯಲ್ಲಿ, ಮಕಾರ ಆದ ಮೇಲೆ. ಬರೆದಾಗ ಅದು ಕೂರುವುದು ಮೇಲಿನ ‘ಕ್ಷ’ದ ತಲೆಯ ಮೇಲೆ. ‘ಮೂರ್ತಿ’ಯಲ್ಲಿ ರಕಾರವನ್ನು ತಕಾರಕ್ಕಿಂತ ಮೊದಲು ಟೈಪ್ ಮಾಡುತ್ತೇವೆ, ಆದರೆ ಅರ್ಕಾವತ್ತು ಬರುವುದು ‘ತಿ’ ಆದ ನಂತರ. ಉಚ್ಚಾರಣೆಯ ಕ್ರಮ ಒಂದು, ಬರವಣಿಗೆಯ ಕ್ರಮ ಇನ್ನೊಂದು. ಇದನ್ನು ಅರಿಯದ ಸಾಧನದ ಕೈಗೆ ನಮ್ಮ ಹೆಸರುಗಳನ್ನು ಕೊಟ್ಟರೆ ಅವು ಒಡೆಯದೆ ಬೇರೆ ದಾರಿಯಿಲ್ಲ. ಎಷ್ಟು ಒಳ್ಳೆಯ ಫಾಂಟ್ ಸೇರಿಸಿದರೂ ಇದು ಸರಿಹೋಗುವುದಿಲ್ಲ. ನಿಮ್ಮ ನೋಟೋ ಫಾಂಟ್‌ನಲ್ಲಿ ನಿಯಮಗಳೆಲ್ಲ ಇವೆ, ಓದುವವರು ಇಲ್ಲ ಅಷ್ಟೆ. ಜೆಎಸ್‌ಪಿಡಿಎಫ್‌ನ ‘ಎಚ್‌ಟಿಎಂಎಲ್’ ಎಂಬ ವಿಧಾನವನ್ನು ಬಳಸಿದರೂ ಫಲ ಇದೇ, ಏಕೆಂದರೆ ಕೊನೆಗೆ ಅಕ್ಷರ ಬರೆಯುವುದು ಇದೇ ಕೈ.

ಫಾಂಟ್ ಸೇರಿಸುವ ಮೊದಲು ಕಂಡ ಚಿಹ್ನೆಗಳ ಕಥೆ ಬೇರೆ. ಆ ಸ್ಥಿತಿಯಲ್ಲಿ ಜೆಎಸ್‌ಪಿಡಿಎಫ್ ಬಳಸುವುದು ಪಿಡಿಎಫ್‌ನ 14 ಮೂಲ ಫಾಂಟ್‌ಗಳನ್ನು, ಅಂದರೆ ಹೆಲ್ವೆಟಿಕಾ, ಟೈಮ್ಸ್, ಕೊರಿಯರ್ ಮುಂತಾದವನ್ನು. ಅವುಗಳಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಕನ್ನಡವಂತೂ ಇಲ್ಲವೇ ಇಲ್ಲ, ರೂಪಾಯಿಯ ಚಿಹ್ನೆಯೂ ಇಲ್ಲ. ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮದು ಹಣದ ಪಟ್ಟಿ. ₹ ಚಿಹ್ನೆಯ ಯೂನಿಕೋಡ್ ಸಂಖ್ಯೆ ಹದಿನಾರರ ಎಣಿಕೆಯಲ್ಲಿ 20ಬಿ9. ಒಂದೇ ಬೈಟಿಗೆ ಜಾಗವಿರುವ ಆ ಮೂಲ ಫಾಂಟ್‌ಗಳಲ್ಲಿ ಅದರ ಕೊನೆಯ ಬಿ9 ಮಾತ್ರ ಉಳಿಯುತ್ತದೆ, ಅವುಗಳ ಸಂಕೇತ ಕೋಷ್ಟಕದಲ್ಲಿ ಬಿ9 ಎಂದರೆ ಮೇಲಕ್ಕೆ ಬರೆದ ಪುಟ್ಟ ಒಂದು: ¹. ಹೀಗಾಗಿ ₹312 ಎಂದು ಬರೆದದ್ದು ಪಿಡಿಎಫ್‌ನಲ್ಲಿ ¹312 ಎಂದು ಬರುತ್ತದೆ. ಕನ್ನಡಕವಿಲ್ಲದೆ ಚೀಟಿ ಹಿಡಿದ ಹಿರಿಯರು ಅದನ್ನು ಸಾವಿರದ ಮುನ್ನೂರ ಹನ್ನೆರಡು ಎಂದು ಓದಿದರೆ ತಪ್ಪು ಅವರದಲ್ಲ. ಹಳೆಯ ಚೀಟಿಗಳನ್ನು ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ದಯವಿಟ್ಟು ಒಮ್ಮೆ ತೆಗೆದು ನೋಡಿ.

ಇಲ್ಲಿ ಇನ್ನೊಂದು ಅಡ್ಡದಾರಿಯ ಬಗ್ಗೆ ಎಚ್ಚರಿಸಬೇಕು. ಯಾರಾದರೂ ನಿಮಗೆ ‘ಯೂನಿಕೋಡ್ ಬಿಟ್ಟು ಹಳೆಯ ನುಡಿ ಫಾಂಟಿಗೆ ಪರಿವರ್ತಿಸಿ ಹಾಕಿ, ಸರಿಯಾಗುತ್ತದೆ’ ಎಂದು ಹೇಳಬಹುದು. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಸುಳ್ಳಲ್ಲ. ಆ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿವೆ, ಹಾಗಾಗಿ ಜೋಡಿಸುವ ಕೈ ಬೇಡ. ಆದರೆ ಆ ಪಿಡಿಎಫ್‌ನಿಂದ ಹೆಸರನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಸಿಗುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಕಾಲದಲ್ಲಿ ಆ ಫಾಂಟ್‌ಗಳು ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದವು, ಅವುಗಳ ಋಣ ನಮ್ಮೆಲ್ಲರ ಮೇಲಿದೆ. ಹೊಸ ದಾಖಲೆಯನ್ನು ಇಂದು ಆ ಸಂಕೇತದಲ್ಲಿ ಹುಟ್ಟಿಸಬೇಡಿ.

ಈಗ ನಿಮ್ಮ ಮೂರನೆಯ ಪ್ರಯತ್ನ. ಎಚ್‌ಟಿಎಂಎಲ್‌ಟುಪಿಡಿಎಫ್ ಎಂಬುದು ಎರಡು ಲೈಬ್ರರಿಗಳ ಜೋಡಿ. ಎಚ್‌ಟಿಎಂಎಲ್‌ಟುಕ್ಯಾನ್ವಾಸ್ ನಿಮ್ಮ ಪುಟವನ್ನು ನೋಡಿ ಅದರಂತೆಯೇ ಒಂದು ಚಿತ್ರ ಬಿಡಿಸುತ್ತದೆ. ಜೆಎಸ್‌ಪಿಡಿಎಫ್ ಆ ಚಿತ್ರವನ್ನು ಪುಟದ ಅಳತೆಗೆ ಕತ್ತರಿಸಿ ಪಿಡಿಎಫ್‌ನೊಳಗೆ ಅಂಟಿಸುತ್ತದೆ. ಕ್ಯಾನ್ವಾಸ್ ಮೇಲೆ, ಅಂದರೆ ಬ್ರೌಸರಿನ ಚಿತ್ರದ ಹಲಗೆಯ ಮೇಲೆ, ಅಕ್ಷರ ಬರೆಯುವುದು ಬ್ರೌಸರ್ ತಾನೇ ಆದ್ದರಿಂದ ಒತ್ತಕ್ಷರ ಸರಿಯಾಗಿ ಬಂತು. ಆದರೆ ಪಿಡಿಎಫ್‌ಗೆ ಸೇರಿದ್ದು ಲಕ್ಷ್ಮಮ್ಮನ ಹೆಸರಲ್ಲ, ಆ ಹೆಸರಿನ ಫೋಟೋ. ನೀವು ಹೇಳಿದ ಮೂರು ದೂರುಗಳೂ ಇದೊಂದರಿಂದಲೇ ಹುಟ್ಟಿದವು.

ಗಾತ್ರದ ಲೆಕ್ಕವನ್ನು ನೋಡಿ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಎತ್ತರ. ಬ್ರೌಸರಿನ ಅಳತೆಯಲ್ಲಿ ಅದು ಹೆಚ್ಚುಕಡಿಮೆ 794 ಮತ್ತು 1123 ಪಿಕ್ಸೆಲ್. ಅಷ್ಟೇ ಇಟ್ಟರೆ ಮುದ್ರಣದಲ್ಲಿ ಅಕ್ಷರ ಮಸುಕು. ಆದ್ದರಿಂದ ಎಲ್ಲರೂ ಸ್ಕೇಲ್ 2 ಎಂದು, ಅಂದರೆ ಅಗಲ ಎತ್ತರ ಎರಡೂ ಇಮ್ಮಡಿ ಎಂದು, ಕೊಡುತ್ತಾರೆ. ಆಗ ಒಂದು ಪುಟಕ್ಕೆ 35 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್, ಪ್ರತಿ ಪಿಕ್ಸೆಲ್‌ಗೆ 4 ಬೈಟ್, ಅಂದರೆ ಒಂದು ಪುಟಕ್ಕೇ ಸುಮಾರು 14 ಎಂಬಿ ಮೆಮೊರಿ. ಈ ಲೈಬ್ರರಿ ಇಡೀ ಪಟ್ಟಿಯನ್ನು ಮೊದಲು ಒಂದೇ ಉದ್ದನೆಯ ಕ್ಯಾನ್ವಾಸ್ ಆಗಿ ಬಿಡಿಸಿಕೊಂಡು ಆಮೇಲೆ ಕತ್ತರಿಸುತ್ತದೆ. ಐಫೋನಿನ ಸಫಾರಿಯಲ್ಲಿ ಒಂದು ಕ್ಯಾನ್ವಾಸ್‌ಗೆ ಬಹುಕಾಲ 1,67,77,216 ಪಿಕ್ಸೆಲ್‌ಗಳ ಮಿತಿ ಇತ್ತು. ನಿಮ್ಮ ಪಟ್ಟಿ ಐದನೆಯ ಪುಟಕ್ಕೆ ಬರುವಷ್ಟರಲ್ಲಿ ಆ ಗಡಿ ದಾಟುತ್ತದೆ. ದಾಟಿದಾಗ ದೋಷದ ಸೂಚನೆಯೂ ಬರದೆ ಬರೀ ಖಾಲಿ ಹಾಳೆಗಳು ಬರುವುದುಂಟು. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಬಂದದ್ದು ಅಧ್ಯಕ್ಷರ ಫೋನಿನಲ್ಲಿ ಏಕೆ ಬರಲಿಲ್ಲ ಎಂದು ತಲೆಕೆಡಿಸಿಕೊಳ್ಳುವ ದಿನ ಹೀಗೆ ಬರುತ್ತದೆ.

ಸಾಲು ಕತ್ತರಿಸುವುದೂ ಇದರಿಂದಲೇ. ಚಿತ್ರಕ್ಕೆ ಸಾಲು ಎಂದರೇನು ಎಂದು ಗೊತ್ತಿಲ್ಲ, ಅದು ಅಳತೆ ಮುಗಿದಲ್ಲಿ ಕತ್ತರಿ ಹಾಕುತ್ತದೆ. ಕನ್ನಡದಲ್ಲಿ ಇದು ಇಂಗ್ಲಿಷಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ನಮ್ಮ ಅಕ್ಷರಗಳು ಸಾಲಿನ ಕೆಳಗೂ ಬೇರು ಬಿಟ್ಟಿರುತ್ತವೆ. ರತ್ನಮ್ಮನ ಹೆಸರಿನಲ್ಲಿ ‘ರತಮ’ ಒಂದು ಪುಟದ ಬುಡದಲ್ಲಿ ಉಳಿದು ನಕಾರ ಮಕಾರಗಳ ಒತ್ತು ಮುಂದಿನ ಪುಟದ ನೆತ್ತಿಯ ಮೇಲೆ ಬಿದ್ದಿದ್ದನ್ನು ನಾನು ಕಂಡಿದ್ದೇನೆ. ಆ ಲೈಬ್ರರಿಯಲ್ಲಿ ಪುಟ ಒಡೆಯುವ ಬಗ್ಗೆ ಕೆಲವು ಆಯ್ಕೆಗಳಿವೆ, ‘ಅವಾಯ್ಡ್-ಆಲ್’ ಎಂದು ಕೊಟ್ಟರೆ ಸಾಕಷ್ಟು ಸುಧಾರಿಸುತ್ತದೆ. ಆದರೆ ಹುಡುಕಾಟದ ತೊಂದರೆ ಹಾಗೆಯೇ ಉಳಿಯುತ್ತದೆ.

ಆ ಹುಡುಕಾಟದ ತೊಂದರೆಯೇ ನನಗೆ ಎಲ್ಲಕ್ಕಿಂತ ದೊಡ್ಡದು. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಸದಸ್ಯರ ಪಟ್ಟಿಯನ್ನು ನಾನೇ ಹೀಗೆ ಚಿತ್ರಗಳ ಪಿಡಿಎಫ್ ಮಾಡಿಕೊಟ್ಟಿದ್ದೆ. ನೋಡಲು ಅಂದವಾಗಿತ್ತು, ಎಲ್ಲರೂ ಮೆಚ್ಚಿದರು. ಮುಂದೆ ಮೂಲ ದತ್ತಾಂಶ ಇದ್ದ ಕಂಪ್ಯೂಟರ್ ಕೆಟ್ಟಿತು, ಉಳಿದದ್ದು ಆ ಪಿಡಿಎಫ್ ಮಾತ್ರ. ಅಲ್ಲಿನ ಗುಮಾಸ್ತರು ಒಂದು ಹೆಸರಿಗಾಗಿ ನಲವತ್ತು ಪುಟಗಳನ್ನು ಪರದೆಯ ಮೇಲೆ ಬೆರಳಿಟ್ಟು ಓದುತ್ತ ಕುಳಿತಿದ್ದನ್ನು ನೋಡಿದೆ. ಅದೇ ಕಚೇರಿಯಲ್ಲಿ ದೃಷ್ಟಿ ಇಲ್ಲದ ನೌಕರರೊಬ್ಬರಿದ್ದರು, ಸ್ಕ್ರೀನ್ ರೀಡರ್ ಇಟ್ಟುಕೊಂಡು ಎಲ್ಲ ಕೆಲಸ ಮಾಡುತ್ತಿದ್ದರು. ನನ್ನ ಪಿಡಿಎಫ್‌ನ ಒಂದು ಹೆಸರನ್ನೂ ಅವರ ಸಾಧನ ಓದಲಿಲ್ಲ. ಅವರ ಪಾಲಿಗೆ ಅದು ನಲವತ್ತು ಖಾಲಿ ಹಾಳೆ. ಅಂದಿನಿಂದ ಕನ್ನಡದ ದಾಖಲೆಯಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯಬೇಕು ಎಂಬುದರಲ್ಲಿ ನಾನು ರಾಜಿ ಮಾಡಿಕೊಂಡಿಲ್ಲ.

ಹಾಗಾದರೆ ದಾರಿ? ಬಟವಾಡೆ ಪಟ್ಟಿಗೆ ಬ್ರೌಸರಿನ ಮುದ್ರಣವೇ ಸಾಕು. ಬಟನ್ ಒತ್ತಿದಾಗ ಮುದ್ರಣದ ಪೆಟ್ಟಿಗೆ ತೆರೆಯುವ ‘ವಿಂಡೋ.ಪ್ರಿಂಟ್’ ಎಂಬ ಆದೇಶವನ್ನು ಕರೆಯಿರಿ, ಕಾರ್ಯದರ್ಶಿಯವರು ಮುದ್ರಣದ ಪೆಟ್ಟಿಗೆಯಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಲಿ. ಇಷ್ಟು ಸರಳವಾದದ್ದು ಪರಿಹಾರವೇ ಎಂದು ಅನ್ನಿಸಬಹುದು. ಆದರೆ ಅದರ ಹಿಂದೆ ನಡೆಯುವ ಕೆಲಸ ಸಣ್ಣದಲ್ಲ. ಪರದೆಗೆ ಅಕ್ಷರ ಜೋಡಿಸಿದ ಅದೇ ಹಾರ್ಫ್‌ಬಜ್ ಇಲ್ಲಿಯೂ ಜೋಡಿಸುತ್ತದೆ. ಕ್ರೋಮ್‌ನ ಸ್ಕಿಯಾ ಎಂಬ ಭಾಗ ಆ ಅಕ್ಷರಗಳನ್ನು ಅಕ್ಷರಗಳಾಗಿಯೇ ಪಿಡಿಎಫ್‌ಗೆ ಬರೆಯುತ್ತದೆ, ಬಳಸಿದ ಆಕಾರಗಳಷ್ಟನ್ನೇ ಫಾಂಟ್‌ನಿಂದ ಆಯ್ದು ಸೇರಿಸುತ್ತದೆ. ಆದ್ದರಿಂದ ಫೈಲ್ ಚಿಕ್ಕದಾಗಿರುತ್ತದೆ, ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ‘ಕ್ಷ್ಮ’ದಂತಹ ಗೊಂಚಲು ಬಂದಾಗ ಅದರ ಮೂಲ ಸಂಕೇತಗಳನ್ನು ‘ಆಕ್ಚುಯಲ್ ಟೆಕ್ಸ್ಟ್’ ಎಂಬ ಗುರುತಿನೊಳಗೆ ಜೊತೆಗೇ ಬರೆದಿಡುತ್ತದೆ. ಆ ಗುರುತನ್ನು ಎಲ್ಲ ಪಿಡಿಎಫ್ ವೀಕ್ಷಕಗಳೂ ಒಂದೇ ರೀತಿ ಗೌರವಿಸುವುದಿಲ್ಲ, ನಕಲು ಮಾಡಿದಾಗ ಕೆಲವು ಕಡೆ ಅರ್ಕಾವತ್ತು ಹಿಂದುಮುಂದಾಗುವುದುಂಟು. ಆದರೂ ಚಿತ್ರಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಮುದ್ರಣವನ್ನು ಜನ ಬೇಡವೆನ್ನುವುದು ಅದು ಅಂದಗೆಟ್ಟು ಬರುತ್ತದೆ ಎಂಬ ಕಾರಣಕ್ಕೆ. ಅಂದಗೆಡುವುದು ಮುದ್ರಣಕ್ಕೆಂದು ಸಿಎಸ್‌ಎಸ್ (ಪುಟದ ವಿನ್ಯಾಸದ ನಿಯಮಗಳು) ಬರೆಯದೆ ಇದ್ದಾಗ. ‘ಮೀಡಿಯಾ ಪ್ರಿಂಟ್’ ಎಂಬ ನಿಯಮದೊಳಗೆ ಬಟನ್‌ಗಳನ್ನು, ಮೆನುವನ್ನು, ಹುಡುಕುವ ಪೆಟ್ಟಿಗೆಯನ್ನು ಮರೆಮಾಡಿ. ‘ಪೇಜ್’ ನಿಯಮದಲ್ಲಿ ಹಾಳೆ ಎ4 ಎಂದೂ ಅಂಚು 15 ಮಿಲಿಮೀಟರ್ ಎಂದೂ ಹೇಳಿ. ಕೋಷ್ಟಕದ ತಲೆಸಾಲುಗಳನ್ನು ‘ಟಿಹೆಡ್’ ಒಳಗೆ ಇಟ್ಟಿದ್ದರೆ ಸಾಕು, ಪ್ರತಿ ಹಾಳೆಯ ಮೇಲೂ ಅದು ತಾನಾಗಿ ಮರಳಿ ಬರುತ್ತದೆ. ಸಾಲುಗಳಿಗೆ ‘ಬ್ರೇಕ್-ಇನ್‌ಸೈಡ್’ ಗುಣಕ್ಕೆ ‘ಅವಾಯ್ಡ್’ ಎಂದು ಕೊಡಿ, ಯಾವ ಹೆಸರೂ ಎರಡು ಹಾಳೆಗೆ ಹರಿದುಹೋಗುವುದಿಲ್ಲ. ಮೊತ್ತದ ಕಾಲಂ ಬಲಕ್ಕೆ ಸರಿಯಲಿ. ಒಂದು ಬಿಟ್ಟು ಒಂದು ಸಾಲಿಗೆ ಬಣ್ಣ ಕೊಟ್ಟಿದ್ದರೆ ಮುದ್ರಣದಲ್ಲಿ ಬ್ರೌಸರ್ ಅದನ್ನು ಉಳಿಸಿಬಿಡುತ್ತದೆ ಎಂದು ನಂಬಬೇಡಿ. ಶಾಯಿ ಉಳಿಸಲೆಂದು ತೆಗೆದುಹಾಕುತ್ತದೆ. ‘ಪ್ರಿಂಟ್-ಕಲರ್-ಅಡ್ಜಸ್ಟ್’ ಗುಣಕ್ಕೆ ‘ಎಕ್ಸಾಕ್ಟ್’ ಎಂದು ಕೊಟ್ಟರೆ ಬಣ್ಣ ನಿಲ್ಲುತ್ತದೆ.

ಕನ್ನಡಕ್ಕೇ ಸೇರಿದ ಮೂರು ಮಾತು. ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ, ಎರಡು ಒತ್ತು ಇರುವ ‘ಸ್ತ್ರೀ’, ‘ರಾಷ್ಟ್ರ’ಗಳಂತಹ ಪದಗಳು ಕೆಳಗಿನ ಸಾಲಿನ ಏತ್ವಗಳನ್ನು ತಾಗುತ್ತವೆ. ಕೋಷ್ಟಕದ ಕೋಣೆಗೆ ನಿಶ್ಚಿತ ಎತ್ತರ ಕೊಟ್ಟು ‘ಓವರ್‌ಫ್ಲೋ’ ಮರೆಮಾಡಿದ್ದರೆ ಒತ್ತಿನ ತುದಿ ಕತ್ತರಿಸುತ್ತದೆ, ತೆಗೆಯಿರಿ. ಇಂಗ್ಲಿಷ್ ವಿನ್ಯಾಸಗಳಿಂದ ನಕಲು ಮಾಡಿದ ಸಿಎಸ್‌ಎಸ್‌ನಲ್ಲಿ ಶೀರ್ಷಿಕೆಗಳಿಗೆ ‘ಲೆಟರ್-ಸ್ಪೇಸಿಂಗ್’ ಇರುತ್ತದೆ, ಕನ್ನಡಕ್ಕೆ ಅದು ಸಲ್ಲುವುದಿಲ್ಲ. ಅಂದಹಾಗೆ ಎಚ್‌ಟಿಎಂಎಲ್‌ಟುಕ್ಯಾನ್ವಾಸ್ ಕೂಡ ಆ ಗುಣ ಇರುವೆಡೆ ಪದವನ್ನು ಇಡಿಯಾಗಿ ಬಿಡಿಸದೆ ಬಿಡಿಬಿಡಿಯಾಗಿ ಬಿಡಿಸುತ್ತದೆ. ಅದರಲ್ಲೂ ಶೀರ್ಷಿಕೆ ಮಾತ್ರ ಒಡೆದು ಬರುತ್ತಿದ್ದರೆ ಕಾರಣ ಇದೇ ಇರುತ್ತದೆ.

‘ನಾನು ಮುದ್ರಣ ಮಾಡಿ ನೋಡಿದೆ, ಮೊದಲ ಇಪ್ಪತ್ತು ಸದಸ್ಯರು ಮಾತ್ರ ಬಂದರು’ ಎಂದು ನೀವು ನಾಳೆ ಬರೆಯಬಹುದು. ಮೊಬೈಲಿಗೆ ಹೊಂದಲೆಂದು ಕೋಷ್ಟಕವನ್ನು ಸ್ಕ್ರೋಲ್ ಆಗುವ ಪೆಟ್ಟಿಗೆಯೊಳಗೆ ಇಟ್ಟಿದ್ದರೆ ಹೀಗಾಗುತ್ತದೆ. ಮುದ್ರಣಕ್ಕೆ ಸ್ಕ್ರೋಲ್ ಇಲ್ಲ, ಪೆಟ್ಟಿಗೆಯಲ್ಲಿ ಕಾಣುವಷ್ಟೇ ಬರುತ್ತದೆ. ಮುದ್ರಣದ ನಿಯಮದೊಳಗೆ ಆ ಪೆಟ್ಟಿಗೆಯ ಎತ್ತರವನ್ನು ‘ಆಟೋ’, ‘ಓವರ್‌ಫ್ಲೋ’ ಅನ್ನು ‘ವಿಸಿಬಲ್’ ಮಾಡಿ. ಮೇಲೆ ಅಂಟಿಕೊಂಡಿರುವ ತಲೆಪಟ್ಟಿ ಇದ್ದರೆ ಅದನ್ನೂ ಬಿಡಿಸಿ, ಇಲ್ಲದಿದ್ದರೆ ಪ್ರತಿ ಹಾಳೆಯಲ್ಲೂ ಮೊದಲ ಎರಡು ಹೆಸರುಗಳ ಮೇಲೆ ಕುಳಿತುಕೊಳ್ಳುತ್ತದೆ.

ಫೈಲಿನ ಹೆಸರು ಪುಟದ ಶೀರ್ಷಿಕೆಯಿಂದ ಬರುತ್ತದೆ. ಮುದ್ರಣ ಕರೆಯುವ ಮುನ್ನ ‘ಡಾಕ್ಯುಮೆಂಟ್.ಟೈಟಲ್’ ಅನ್ನು ‘ಬಟವಾಡೆ ಪಟ್ಟಿ’ ಎಂದು ದಿನಾಂಕದ ಸಮೇತ ಬದಲಿಸಿ, ‘ಆಫ್ಟರ್‌ಪ್ರಿಂಟ್’ ಘಟನೆಯಲ್ಲಿ ಮೊದಲಿನಂತೆ ಮಾಡಿ. ಮುಂದಿನ ಸಾಲಿನಲ್ಲಿಯೇ ಮರಳಿಸಬೇಡಿ. ಕಂಪ್ಯೂಟರಿನ ಕ್ರೋಮ್ ಮುದ್ರಣ ಮುಗಿಯುವವರೆಗೆ ಕಾಯುತ್ತದೆ, ಫೋನಿನದು ಕಾಯುವುದಿಲ್ಲ. ವೆಬ್ ಫಾಂಟ್, ಅಂದರೆ ಪುಟದ ಜೊತೆ ಜಾಲದಿಂದ ಇಳಿಯುವ ಫಾಂಟ್, ಬಳಸುತ್ತಿದ್ದರೆ ‘ಡಾಕ್ಯುಮೆಂಟ್.ಫಾಂಟ್ಸ್.ರೆಡಿ’ ಆಗುವವರೆಗೆ ತಡೆದು ಆಮೇಲೆ ಮುದ್ರಿಸಿ. ನಮ್ಮ ಹಳ್ಳಿಗಳ ನೆಟ್‌ವರ್ಕ್‌ನಲ್ಲಿ ಫಾಂಟ್ ಬರುವ ಮೊದಲೇ ಬೆರಳು ಬಟನ್ ಮೇಲೆ ಇರುತ್ತದೆ. ಪುಟಸಂಖ್ಯೆಯನ್ನು ಸಿಎಸ್‌ಎಸ್‌ನಿಂದಲೇ ಅಂಚಿನಲ್ಲಿ ಹಾಕುವ ಸೌಲಭ್ಯ ಕ್ರೋಮ್ 131ರಿಂದ ಇದೆ. ಅದಕ್ಕಿಂತ ಹಳೆಯ ಬ್ರೌಸರುಗಳಿಗೆ ಪೇಜ್ಡ್‌ಜೆಎಸ್ ಎಂಬ ಲೈಬ್ರರಿ ಇದೆ, ಆದರೆ ನಿಮ್ಮ ಐದಾರು ಪುಟದ ಪಟ್ಟಿಗೆ ಅಷ್ಟು ಭಾರ ಬೇಡ.

ಎರಡು ಮಿತಿಗಳನ್ನು ಮುಚ್ಚಿಡುವುದಿಲ್ಲ. ಒಂದು, ಮುದ್ರಣದ ಪೆಟ್ಟಿಗೆ ತೆರೆಯದೆ ಪಿಡಿಎಫ್ ನೇರವಾಗಿ ಇಳಿಯುವಂತೆ ಮಾಡಲು ಬ್ರೌಸರ್ ಯಾವ ಜಾವಾಸ್ಕ್ರಿಪ್ಟ್‌ಗೂ ಬಿಡುವುದಿಲ್ಲ. ಕಾರ್ಯದರ್ಶಿಯವರಿಗೆ ಒಮ್ಮೆ ಪಕ್ಕದಲ್ಲಿ ಕುಳಿತು ತೋರಿಸಬೇಕು. ವಿಂಡೋಸ್‌ನಲ್ಲಿ ಪ್ರಿಂಟರುಗಳ ಪಟ್ಟಿಯಲ್ಲಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಎಂಬುದೂ ಕಾಣುತ್ತದೆ. ಅದನ್ನು ಬಿಟ್ಟು ಬ್ರೌಸರಿನದೇ ‘ಸೇವ್ ಆ್ಯಸ್ ಪಿಡಿಎಫ್’ ಆರಿಸಲು ಹೇಳಿ, ಪಠ್ಯ ಪಠ್ಯವಾಗಿ ಉಳಿಯುವ ಭರವಸೆ ಅದರಲ್ಲಿದೆ. ಎರಡು, ಆ್ಯಂಡ್ರಾಯ್ಡ್‌ನಲ್ಲಿ ಇತರ ಆ್ಯಪ್‌ಗಳ ಒಳಗೆ ತೆರೆದುಕೊಳ್ಳುವ ಬ್ರೌಸರಿನಲ್ಲಿ, ಅಂದರೆ ವೆಬ್‌ವ್ಯೂನಲ್ಲಿ, ‘ವಿಂಡೋ.ಪ್ರಿಂಟ್’ ಏನೂ ಮಾಡುವುದಿಲ್ಲ. ಬಟನ್ ಸತ್ತಂತಿರುತ್ತದೆ. ‘ಕ್ರೋಮ್‌ನಲ್ಲಿ ತೆರೆಯಿರಿ’ ಎಂಬ ಒಂದು ಸಾಲನ್ನು ಪುಟದ ಮೇಲೆಯೇ ಬರೆದಿಡಿ.

ಇನ್ನು ಒಬ್ಬೊಬ್ಬರ ಚೀಟಿ. 180 ಸಲ ಮುದ್ರಣದ ಪೆಟ್ಟಿಗೆ ತೆರೆಯಲು ಯಾರಿಗೂ ಹೇಳಲಾಗದು. ಇಲ್ಲಿ ನಿಜವಾಗಿಯೂ ಲೈಬ್ರರಿ ಬೇಕು, ಮತ್ತು ನಾನು ಸೂಚಿಸುವುದು ಪಿಡಿಎಫ್‌ಮೇಕ್. ಅದು ಪಿಡಿಎಫ್‌ಕಿಟ್‌ನ ಮೇಲೆ ನಿಂತಿದೆ, ಪಿಡಿಎಫ್‌ಕಿಟ್ ಅಕ್ಷರಗಳಿಗೆ ಫಾಂಟ್‌ಕಿಟ್ ಎಂಬುದನ್ನು ನೆಚ್ಚಿಕೊಂಡಿದೆ, ಫಾಂಟ್‌ಕಿಟ್‌ನಲ್ಲಿ ಭಾರತೀಯ ಲಿಪಿಗಳಿಗೆಂದೇ ಬರೆದ ಜೋಡಣೆಯ ಭಾಗವಿದೆ. ಜೆಎಸ್‌ಪಿಡಿಎಫ್‌ನಲ್ಲಿ ಇಲ್ಲದ ಆ ಕೈ ಇಲ್ಲಿದೆ. ಇದು ಎಚ್‌ಟಿಎಂಎಲ್ ಓದುವುದಿಲ್ಲ, ಪಟ್ಟಿಯ ಸಾಲುಗಳನ್ನು ನೇರವಾಗಿ ದತ್ತಾಂಶವಾಗಿ ಕೊಡಬೇಕು. ನಿಮಗೆ ಅದು ಅನುಕೂಲವೇ, ಏಕೆಂದರೆ ವೆಬ್ ಪುಟ ಕಟ್ಟಿದ ದತ್ತಾಂಶ ನಿಮ್ಮ ಕೈಯಲ್ಲೇ ಇದೆ. ‘ಹೆಡರ್‌ರೋಸ್’ಗೆ 1 ಎಂದು ಕೊಟ್ಟರೆ ತಲೆಸಾಲು ಪ್ರತಿ ಪುಟದಲ್ಲೂ ಬರುತ್ತದೆ.

ಅದರ ಜೊತೆಗೆ ಬರುವ ರೋಬೋಟೋ ಫಾಂಟ್‌ನಲ್ಲಿ ಕನ್ನಡ ಇಲ್ಲ. ಗೂಗಲ್ ಫಾಂಟ್ಸ್‌ನಿಂದ ನೋಟೋ ಸ್ಯಾನ್ಸ್ ಕನ್ನಡವನ್ನು ಇಳಿಸಿಕೊಂಡು, ಅದರ ‘ಸ್ಟ್ಯಾಟಿಕ್’ ಕಡತಕೋಶದಲ್ಲಿರುವ ರೆಗ್ಯುಲರ್ ಮತ್ತು ಬೋಲ್ಡ್ ಟಿಟಿಎಫ್ ಫಾಂಟ್ ಕಡತಗಳನ್ನು ಸೇರಿಸಿ. ಮುಕ್ತ ಪರವಾನಗಿಯ ಫಾಂಟ್ ಅದು, ದಾಖಲೆಗಳಲ್ಲಿ ಅಡಕ ಮಾಡಲು ಅಡ್ಡಿಯಿಲ್ಲ. ಒಂದು ಅಕ್ಷರ ಸಿಗದಿದ್ದರೆ ಬೇರೆ ಫಾಂಟಿನಿಂದ ತಂದುಕೊಳ್ಳುವ ಬುದ್ಧಿ ಬ್ರೌಸರಿಗೆ ಇದೆ, ಇದಕ್ಕೆ ಇಲ್ಲ. ಆದ್ದರಿಂದ ₹ ಚಿಹ್ನೆ ಬರುತ್ತಿದೆಯೇ ಎಂದು ಮೊದಲ ಚೀಟಿಯಲ್ಲೇ ನೋಡಿ, ಅನುಮಾನವಿದ್ದರೆ ‘ರೂ.’ ಎಂದು ಬರೆಯಿರಿ. ಹೆಸರಿನ ಕಾಲಂ ಅಗಲವಾಗಿರಲಿ. ಪದವೊಂದು ಕಾಲಂಗಿಂತ ಉದ್ದವಾದರೆ ಪಿಡಿಎಫ್‌ಮೇಕ್ ಅದನ್ನು ಸಂಕೇತಗಳ ಎಣಿಕೆಯಲ್ಲಿ ತುಂಡರಿಸುತ್ತದೆ, ತುಂಡು ಒತ್ತಕ್ಷರದ ನಡುವೆಯೇ ಬೀಳಬಹುದು. ‘ಲಕ್ಷ್ಮೀನರಸಿಂಹಮೂರ್ತಿ’ ನಿಮ್ಮ ಸಂಘದಲ್ಲಿ ಒಬ್ಬರಾದರೂ ಇರುತ್ತಾರೆ, ಅವರ ಹೆಸರಿನಿಂದಲೇ ಅಳತೆ ತೆಗೆದುಕೊಳ್ಳಿ.

ಫಾಂಟ್‌ಕಿಟ್‌ನ ಜೋಡಣೆಗೆ ಹಾರ್ಫ್‌ಬಜ್‌ನಷ್ಟು ಬಳಕೆಯ ಪಕ್ವತೆ ಇಲ್ಲ. ಆದ್ದರಿಂದ ನಾನು ಮಾಡುವ ಒಂದು ಪರೀಕ್ಷೆಯನ್ನು ನೀವೂ ಮಾಡಿ. ಸಂಘದ ಸದಸ್ಯರ ಹೆಸರುಗಳು ಎಣಿಸಿದಷ್ಟೇ ಇವೆ. ಅಷ್ಟನ್ನೂ ಬ್ರೌಸರಿನಿಂದ ಒಂದು ಹಾಳೆಗೂ ಪಿಡಿಎಫ್‌ಮೇಕ್‌ನಿಂದ ಇನ್ನೊಂದು ಹಾಳೆಗೂ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ಕಾರ್ಯದರ್ಶಿಯವರ ಜೊತೆ ಕುಳಿತು ಒಂದೊಂದೇ ಹೆಸರು ಓದಿ. ಕೃಷ್ಣಪ್ಪ, ಜ್ಞಾನೇಶ, ತಿಮ್ಮೇಗೌಡ, ಸತ್ಯನಾರಾಯಣ ಶಾಸ್ತ್ರಿ, ಮೂರ್ತಿ ಇಂತಹ ಹೆಸರುಗಳಲ್ಲಿ ಬೆರಳು ನಿಲ್ಲಿಸಿ ನೋಡಿ. ಅರ್ಧ ಗಂಟೆಯ ಕೆಲಸ. ತನ್ನ ಹೆಸರನ್ನು ತಪ್ಪಾಗಿ ಬರೆದ ಚೀಟಿಯನ್ನು ಯಾವ ಸದಸ್ಯರೂ ಪಡೆಯಬಾರದು.

ಚೀಟಿ ಸಿದ್ಧವಾದ ಮೇಲೆ ಫೋನಿನಿಂದ ಕಳಿಸಲು ‘ನ್ಯಾವಿಗೇಟರ್.ಶೇರ್’ ಇದೆ. ಪಿಡಿಎಫ್ಅನ್ನು ಬ್ಲಾಬ್ (ಮೆಮೊರಿಯಲ್ಲಿರುವ ಕಚ್ಚಾ ದತ್ತಾಂಶ) ಆಗಿ ಪಡೆದು ಫೈಲ್ ಮಾಡಿ ಅದಕ್ಕೆ ಕೊಟ್ಟರೆ, ಹಂಚುವ ಪಟ್ಟಿ ತೆರೆದು ವಾಟ್ಸ್‌ಆ್ಯಪ್ ಕಾಣಿಸುತ್ತದೆ. ಪುಟ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದಲ್ಲಿರಬೇಕು. ಬೆರಳು ಒತ್ತಿದ ಕೂಡಲೇ ಹಂಚಬೇಕು, ತಡವಾದರೆ ಬ್ರೌಸರ್ ನಿರಾಕರಿಸುತ್ತದೆ. ಅದಕ್ಕಾಗಿ ಸದಸ್ಯರ ಹೆಸರು ಆರಿಸಿದಾಗಲೇ ಪಿಡಿಎಫ್ ತಯಾರಿಸಿಟ್ಟುಕೊಳ್ಳಿ, ‘ಕಳಿಸಿ’ ಎಂದು ಒತ್ತಿದಾಗ ಹಂಚುವುದಷ್ಟೇ ಉಳಿದಿರಲಿ.

ಈ ಗೊಂದಲದ ನಡುವೆ ‘ಪುಟವನ್ನು ಪಿಡಿಎಫ್ ಮಾಡಿಕೊಡುತ್ತೇವೆ’ ಎನ್ನುವ ಉಚಿತ ಜಾಲತಾಣಗಳ ಕಡೆ ಕೈ ಹೋಗುವುದು ಸಹಜ. ನಿಮ್ಮ ಪಟ್ಟಿಯಲ್ಲಿ 180 ಕುಟುಂಬಗಳ ಬ್ಯಾಂಕ್ ಖಾತೆ ಸಂಖ್ಯೆಗಳಿವೆ. ಬ್ರೌಸರ್‌ನಲ್ಲಿಯೇ ಮಾಡಬೇಕೆಂದು ಸರ್ವರ್ ಇಲ್ಲದ ಕಾರಣಕ್ಕೆ ನೀವು ನಿರ್ಧರಿಸಿದಿರಿ. ಆ ಸಂಖ್ಯೆಗಳು ಸಂಘದ ಕಂಪ್ಯೂಟರ್ ಬಿಟ್ಟು ಹೊರಗೆ ಹೋಗುವುದಿಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ, ಅದನ್ನು ಸಡಿಲಿಸಬೇಡಿ.

ಕೊನೆಗೆ, ಇಷ್ಟು ದಿನ ಚಿತ್ರವಾಗಿ ತೆಗೆದಿಟ್ಟ ಹಳೆಯ ಪಟ್ಟಿಗಳು. ಮೂಲ ದತ್ತಾಂಶ ಇನ್ನೂ ಇರುವಾಗಲೇ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅವನ್ನೆಲ್ಲ ಹೊಸ ರೀತಿಯಲ್ಲಿ ಮತ್ತೆ ಉಳಿಸಿ. ಪ್ರತಿಯೊಂದನ್ನೂ ತೆರೆದು ಹುಡುಕುವ ಪೆಟ್ಟಿಗೆಯಲ್ಲಿ ‘ಲಕ್ಷ್ಮಮ್ಮ’ ಎಂದು ಟೈಪ್ ಮಾಡಿ. ಹೆಸರು ಸಿಕ್ಕಿದ ಮೇಲೆ ಮಾತ್ರ ಹಳೆಯದನ್ನು ಅಳಿಸಿ.